ಇಂಟೆಲಿಜೆಂಟ್ ಡಿಸೈನ್, ಜೀವವಿಕಾಸ ಮತ್ತು ಶಾಲೆಯ ಪಾಠ: ಪದೇ ಪದೇ ಕೇಳುವ ಪ್ರಶ್ನೆಗಳು

ಜೀವವಿಕಾಸದ ಬಗ್ಗೆ ಎಲ್ಲಿ ಮಾತಾಡಿದರೂ ಕೊನೆಗೆ ಇವೇ ಪ್ರಶ್ನೆಗಳು ಬರುತ್ತವೆ. ಕೆಲವು ಪತ್ರದಲ್ಲಿ ಬಂದವು. ಕೆಲವನ್ನು ಅಮೆರಿಕದಲ್ಲಿರುವ ನೆಂಟರು ಫೋನಿನಲ್ಲಿ ಕೇಳಿದರು. ಕೇಳಿದವರ ಮಾತನ್ನು ಹಾಗೇ ಇಟ್ಟಿದ್ದೇನೆ. ಸುಲಭದ ಪ್ರಶ್ನೆಗಳು ಮೊದಲು, ಕಷ್ಟದವು ಆಮೇಲೆ.

## ಶುರುವಿನ ಪ್ರಶ್ನೆಗಳು

ಇಂಟೆಲಿಜೆಂಟ್ ಡಿಸೈನ್ ಅಂದ್ರೆ ಏನು? ದೇವರು ಸೃಷ್ಟಿ ಮಾಡಿದ ಅನ್ನೋದೇ ಅಲ್ವಾ?

ಜೀವಿಗಳ ಕೆಲವು ಭಾಗಗಳು ತುಂಬಾ ಜಟಿಲವಾಗಿವೆ, ಅವು ನಿಸರ್ಗದಲ್ಲಿ ತಾವಾಗೇ ಮೂಡಿರಲು ಸಾಧ್ಯವಿಲ್ಲ, ಬುದ್ಧಿ ಇರುವ ಯಾರೋ ಯೋಚಿಸಿ ಮಾಡಿರಬೇಕು ಎನ್ನುವುದು ಈ ವಾದ. ಆ 'ಯಾರೋ' ಯಾರು ಎಂದು ವಾದ ಮಾಡುವವರು ಹೇಳುವುದಿಲ್ಲ. ಅದಕ್ಕೇ ಇದು ಧರ್ಮವಲ್ಲ, ವಿಜ್ಞಾನ ಎನ್ನುತ್ತಾರೆ. ಅಮೆರಿಕದ ಸಿಯಾಟಲ್‌ನಲ್ಲಿರುವ ಡಿಸ್ಕವರಿ ಇನ್‌ಸ್ಟಿಟ್ಯೂಟ್ ಈ ವಾದದ ದೊಡ್ಡ ಬೆಂಬಲಿಗ ಸಂಸ್ಥೆ.

ಯೋಚನೆ ಮಾತ್ರ ಹಳೆಯದು. ಬಯಲಲ್ಲಿ ಒಂದು ಗಡಿಯಾರ ಸಿಕ್ಕರೆ ಅದನ್ನು ಮಾಡಿದವನೊಬ್ಬ ಇದ್ದೇ ಇರುತ್ತಾನೆ, ಜೀವಿಗಳ ವಿಷಯವೂ ಹಾಗೇ ಎಂದು ಇಂಗ್ಲೆಂಡಿನ ಪಾದ್ರಿ ವಿಲಿಯಂ ಪೇಲಿ 1802ರಲ್ಲೇ ಬರೆದಿದ್ದರು. ಇದು ದೇವರ ಸೃಷ್ಟಿಯ ಮಾತೇ ಹೌದೋ ಅಲ್ಲವೋ ಎಂಬುದನ್ನು ಒಂದು ಕೋರ್ಟು ಆರು ವಾರ ಕೂತು ವಿಚಾರಿಸಿತು. ಅದನ್ನು ಮುಂದೆ ಹೇಳುತ್ತೇನೆ.

ಮಂಗನಿಂದ ಮಾನವ ಆಗಿದ್ರೆ ಈಗಲೂ ಮಂಗಗಳು ಯಾಕಿವೆ?

'ಮಂಗನಿಂದ ಮಾನವ' ಎಂಬ ಮಾತು ಪ್ರಾಸಕ್ಕೆ ಚೆನ್ನಾಗಿದೆ, ಆದರೆ ಅರ್ಥ ಕೆಡಿಸುತ್ತದೆ. ಈಗಿರುವ ಯಾವ ಮಂಗನಿಂದಲೂ ನಾವು ಬಂದಿಲ್ಲ. ನಿಮ್ಮ ದೊಡ್ಡಪ್ಪನ ಮಗ ನಿಮಗೆ ಅಪ್ಪ ಆಗುವುದಿಲ್ಲ ಅಲ್ವಾ? ಇಬ್ಬರಿಗೂ ಅಜ್ಜ ಒಬ್ಬರು, ಅಷ್ಟೇ. ಚಿಂಪಾಂಜಿಗೂ ನಮಗೂ ಅಂಥ ಒಂದು ಪೂರ್ವಜ ಜೀವಿ ಇತ್ತು. ಸುಮಾರು 60–70 ಲಕ್ಷ ವರ್ಷಗಳ ಹಿಂದೆ ದಾರಿಗಳು ಕವಲಾದವು. ಒಂದು ಕವಲು ಮುಂದುವರಿಯಲು ಇನ್ನೊಂದು ಸಾಯಬೇಕಾಗಿಲ್ಲ.

ಇದಕ್ಕೆ ನನಗೆ ತುಂಬಾ ಇಷ್ಟವಾದ ಸಾಕ್ಷಿ ಒಂದಿದೆ. ಜೀವಕೋಶದೊಳಗೆ ವಂಶದ ಗುಣಗಳನ್ನು ಹೊತ್ತ ಎಳೆಗಳಿಗೆ ಕ್ರೋಮೋಸೋಮು ಎನ್ನುತ್ತಾರೆ. ಚಿಂಪಾಂಜಿ, ಗೊರಿಲ್ಲಾಗಳಿಗೆ ಅವು 24 ಜೊತೆ. ನಮಗೆ 23. ಪೂರ್ವಜ ಒಂದೇ ಆಗಿದ್ದರೆ ಒಂದು ಜೊತೆ ಎಲ್ಲಿ ಹೋಯಿತು? ಎಲ್ಲೋ ಎರಡು ಕೂಡಿಕೊಂಡಿರಬೇಕು. ಹುಡುಕಿದರೆ ಸಿಕ್ಕಿಯೂ ಬಿಟ್ಟಿತು. ಕ್ರೋಮೋಸೋಮಿನ ತುದಿಯಲ್ಲಿ ಮಾತ್ರ ಇರಬೇಕಾದ ಗುರುತು ನಮ್ಮ ಎರಡನೇ ಕ್ರೋಮೋಸೋಮಿನ ನಡುವೆ ಇದೆ, ಬೆಸುಗೆ ಹಾಕಿದ ಜಾಗದ ಗುರುತಿನ ಹಾಗೆ. 'ಹೀಗಿರಬೇಕು' ಎಂದು ಮೊದಲು ಹೇಳಿ, ಆಮೇಲೆ ನೋಡಿದಾಗ ಹಾಗೇ ಇರುವುದು. ವಿಜ್ಞಾನ ಅಂದರೆ ಇದೇ.

ಅದು ಬರೀ ಥಿಯರಿ ತಾನೆ? ಸಾಬೀತಾಗಿಲ್ವಲ್ಲ?

ಮಾತುಕತೆಯಲ್ಲಿ 'ಥಿಯರಿ' ಅಂದರೆ ಊಹೆ. ವಿಜ್ಞಾನದಲ್ಲಿ ಅದು ಬೇರೆ. ರಾಶಿ ರಾಶಿ ಸಂಗತಿಗಳನ್ನು ಒಟ್ಟಿಗೆ ವಿವರಿಸುವ, ಮತ್ತೆ ಮತ್ತೆ ಪರೀಕ್ಷೆಗೆ ನಿಂತು ಉಳಿದ ವಿವರಣೆಗೆ ಅಲ್ಲಿ ಆ ಹೆಸರು. ರೋಗಾಣುಗಳಿಂದ ರೋಗ ಬರುತ್ತದೆ ಎನ್ನುವುದೂ ಥಿಯರಿಯೇ.

ಕನ್ನಡದಲ್ಲಿ ನಮಗೆ ಇನ್ನೊಂದು ತೊಡಕಿದೆ. ನಾವು 'ವಿಕಾಸವಾದ' ಎನ್ನುತ್ತೇವೆ. ವಾದ ಅಂದ ಕೂಡಲೇ ಪ್ರತಿವಾದ ಎಲ್ಲಿ ಎಂದು ಮನಸ್ಸು ಕೇಳುತ್ತದೆ. ಗುರುತ್ವಕ್ಕೆ ಯಾರೂ 'ಗುರುತ್ವವಾದ' ಎನ್ನುವುದಿಲ್ಲ. 'ವಿಕಾಸ' ಎನ್ನುವ ಮಾತಿಗೂ ಅರಳುವುದು, ಮೇಲಕ್ಕೇರುವುದು ಎಂಬ ನೆರಳಿದೆ. ನಿಸರ್ಗಕ್ಕೆ ಮೇಲು ಕೆಳಗು ಗೊತ್ತಿಲ್ಲ. ಗುಹೆಯಲ್ಲಿ ಬದುಕುವ ಮೀನು ಕಣ್ಣು ಕಳೆದುಕೊಂಡರೆ ಅದೂ ವಿಕಾಸವೇ. ನಾನು 'ಜೀವವಿಕಾಸ' ಎಂದು ಬರೆಯುತ್ತೇನೆ. 'ವಾದ'ವನ್ನಾದರೂ ಬಿಟ್ಟರೆ ಅರ್ಧ ಗೊಂದಲ ಕಡಿಮೆಯಾಗುತ್ತದೆ.

ಇಷ್ಟೆಲ್ಲ ಸುಮ್ನೆ ಆಕಸ್ಮಿಕವಾಗಿ ಆಯ್ತು ಅಂದ್ರೆ ನಂಬೋದು ಹೇಗೆ? ಕಣ್ಣನ್ನೇ ನೋಡಿ.

ಆಕಸ್ಮಿಕ ಎನ್ನುವುದು ಅರ್ಧ ಮಾತ್ರ. ಮರಿಗಳಲ್ಲಿ ಸಣ್ಣ ಸಣ್ಣ ವ್ಯತ್ಯಾಸ ಹುಟ್ಟುವುದು ಆಕಸ್ಮಿಕ. ಅದರಲ್ಲಿ ಯಾವುದು ಉಳಿದು ಮರಿ ಹಾಕುತ್ತದೆ ಎನ್ನುವುದು ಆಕಸ್ಮಿಕವಲ್ಲ, ಅದು ಆಯ್ಕೆ. ಆಯ್ಕೆಯ ಶಕ್ತಿ ನೋಡಬೇಕಾದರೆ ತರಕಾರಿ ಅಂಗಡಿಗೆ ಹೋಗಿ. ಎಲೆಕೋಸು, ಹೂಕೋಸು, ನವಿಲುಕೋಸು ಮೂರೂ ಒಂದೇ ಜಾತಿಯ ಗಿಡ. ಎಲೆ ದಟ್ಟವಾಗಿದ್ದ ಗಿಡದ ಬೀಜವನ್ನು ಒಬ್ಬ ರೈತ ಎತ್ತಿಟ್ಟ, ಕಾಂಡ ದಪ್ಪಗಿದ್ದ ಗಿಡದ್ದನ್ನು ಇನ್ನೊಬ್ಬ. ಕೆಲವು ಸಾವಿರ ವರ್ಷಗಳಲ್ಲಿ ಗುರುತೇ ಸಿಗದಷ್ಟು ಬೇರೆಯಾದವು. ಕಾಡಿನಲ್ಲಿ ರೈತನ ಜಾಗದಲ್ಲಿ ಚಳಿ, ಹಸಿವು, ಶತ್ರು ಇರುತ್ತವೆ. ಸಮಯವೂ ಕೋಟ್ಯಂತರ ವರ್ಷ.

ಕಣ್ಣಿನ ಪ್ರಶ್ನೆಯನ್ನು ಡಾರ್ವಿನ್ 1859ರಲ್ಲಿ ತಾನೇ ಎತ್ತಿ ತಾನೇ ಉತ್ತರ ಕೊಟ್ಟಿದ್ದ. ಬೆಳಕು ಕತ್ತಲೆ ಮಾತ್ರ ಗೊತ್ತಾಗುವ ಚರ್ಮದ ಚುಕ್ಕೆ, ಬಟ್ಟಲಿನಂತೆ ಒಳಗೆ ತಗ್ಗಾದ ಚುಕ್ಕೆ, ನಾಟಿಲಸ್ ಎಂಬ ಕಡಲ ಜೀವಿಯ ಸೂಜಿರಂಧ್ರದಂಥ ಕಣ್ಣು, ಮಸೂರ ಇರುವ ಮೀನಿನ ಕಣ್ಣು. ಇವೆಲ್ಲ ಇವತ್ತೂ ಬದುಕಿರುವ ಪ್ರಾಣಿಗಳಲ್ಲಿವೆ. ಪ್ರತಿಯೊಂದೂ ಅದರ ಒಡೆಯನಿಗೆ ಉಪಯೋಗಕ್ಕೆ ಬರುತ್ತಿದೆ. ನಮ್ಮ ಕಣ್ಣಿನಲ್ಲಿ ನರಗಳು ಬೆಳಕು ಹಿಡಿಯುವ ಪರದೆಯ ಮುಂದೆ ಹಾದು ಹೋಗಿವೆ. ಅವು ಹೊರಗೆ ಹೋಗುವ ಜಾಗದಲ್ಲಿ ನಮಗೆ ಏನೂ ಕಾಣುವುದಿಲ್ಲ. ಆಕ್ಟೋಪಸ್ಸಿಗೆ ಈ ಕುರುಡು ಚುಕ್ಕೆ ಇಲ್ಲ.

## ಕೋರ್ಟಿನಲ್ಲಿ ನಡೆದದ್ದು

ಈ ಜಗಳ ಅಮೆರಿಕದಲ್ಲೇ ಯಾಕೆ ಇಷ್ಟು ಜೋರು?

ಅಲ್ಲಿ ಸರ್ಕಾರಿ ಶಾಲೆಯನ್ನು ನಡೆಸುವುದು ಊರಿನವರೇ ಚುನಾಯಿಸಿದ ಶಾಲಾ ಮಂಡಳಿ. ಅದೇ ಹೊತ್ತಿಗೆ ಸಂವಿಧಾನದ ಮೊದಲ ತಿದ್ದುಪಡಿ ಸರ್ಕಾರ ಯಾವ ಧರ್ಮವನ್ನೂ ಪ್ರತಿಷ್ಠಾಪಿಸಬಾರದು ಎನ್ನುತ್ತದೆ. ಬೈಬಲ್ಲಿನ ಸೃಷ್ಟಿ ಕಥೆಯನ್ನು ಅಕ್ಷರಶಃ ನಂಬುವವರು ಜಾಸ್ತಿ ಇರುವ ಊರಿನಲ್ಲಿ ಈ ಎರಡೂ ಡಿಕ್ಕಿ ಹೊಡೆಯುತ್ತವೆ.

1925ರಲ್ಲಿ ಟೆನೆಸಿ ರಾಜ್ಯ, ಮನುಷ್ಯ ಕೆಳಗಿನ ಪ್ರಾಣಿಗಳಿಂದ ಬಂದ ಎಂದು ಕಲಿಸುವುದನ್ನೇ ನಿಷೇಧಿಸಿತು. ಡೇಟನ್ ಊರಿನ ಶಿಕ್ಷಕ ಜಾನ್ ಸ್ಕೋಪ್ಸ್‌ಗೆ 100 ಡಾಲರ್ ದಂಡ ಬಿತ್ತು. ದಂಡ ಆಮೇಲೆ ತಾಂತ್ರಿಕ ಕಾರಣಕ್ಕೆ ರದ್ದಾಯಿತು, ಕಾನೂನು ಮಾತ್ರ 1967ರ ತನಕ ಉಳಿಯಿತು. ಇಂಥ ನಿಷೇಧ ಸಂವಿಧಾನಕ್ಕೆ ವಿರುದ್ಧ ಎಂದು ಸುಪ್ರೀಂ ಕೋರ್ಟ್ 1968ರಲ್ಲಿ ಅರ್ಕನ್ಸಾಸ್ ಪ್ರಕರಣದಲ್ಲಿ ಹೇಳಿತು. ನಿಷೇಧಿಸಲು ಆಗದಿದ್ದಾಗ 'ಜೊತೆಗೆ ಸೃಷ್ಟಿ ವಿಜ್ಞಾನವನ್ನೂ ಕಲಿಸಿ' ಎಂಬ ಕಾನೂನುಗಳು ಬಂದವು. ಲೂಸಿಯಾನಾದ ಅಂಥ ಕಾನೂನನ್ನು 1987ರಲ್ಲಿ ಸುಪ್ರೀಂ ಕೋರ್ಟ್ 7–2ರಲ್ಲಿ ಬೀಳಿಸಿತು. ಈ 1987 ನೆನಪಿನಲ್ಲಿರಲಿ.

ಡೋವರ್ ಕೇಸ್ ಅಂತಾರಲ್ಲ, ಅಲ್ಲಿ ನಿಜಕ್ಕೂ ಏನಾಯ್ತು?

ಡೋವರ್ ಪೆನ್ಸಿಲ್ವೇನಿಯಾದ ಒಂದು ಸಣ್ಣ ಊರು. 2004ರ ಅಕ್ಟೋಬರ್ 18ರಂದು ಅಲ್ಲಿನ ಶಾಲಾ ಮಂಡಳಿ 6–3 ಮತಗಳಿಂದ ಒಂದು ನಿರ್ಣಯ ಮಾಡಿತು. ಡಾರ್ವಿನ್ನನ ಸಿದ್ಧಾಂತದ ಕೊರತೆಗಳನ್ನೂ ಇಂಟೆಲಿಜೆಂಟ್ ಡಿಸೈನನ್ನೂ ವಿದ್ಯಾರ್ಥಿಗಳ ಗಮನಕ್ಕೆ ತರಬೇಕು ಎಂದು. ಆಮೇಲೆ ಒಂಬತ್ತನೇ ತರಗತಿಯ ಜೀವವಿಜ್ಞಾನ ಪಾಠಕ್ಕೆ ಮೊದಲು ಓದಲು ನಾಲ್ಕು ಪ್ಯಾರಾದ ಒಂದು ಹೇಳಿಕೆ ತಯಾರಾಯಿತು. ಡಾರ್ವಿನ್ನನದು ಥಿಯರಿ, ಅದು ಸತ್ಯಸಂಗತಿಯಲ್ಲ, ಇಂಟೆಲಿಜೆಂಟ್ ಡಿಸೈನ್ ಇನ್ನೊಂದು ವಿವರಣೆ, ಬೇಕಾದವರು 'ಆಫ್ ಪಾಂಡಾಸ್ ಅಂಡ್ ಪೀಪಲ್' ಪುಸ್ತಕ ನೋಡಬಹುದು, ಇದು ಅದರ ಸಾರ. ಆ ಪುಸ್ತಕದ 60 ಪ್ರತಿಗಳು ಶಾಲೆಗೆ ದಾನವಾಗಿ ಬಂದಿದ್ದವು.

ಡಿಸೆಂಬರ್ 14ರಂದು 11 ಮಂದಿ ಪೋಷಕರು ಕೇಸ್ ಹಾಕಿದರು. ಮೊದಲ ಹೆಸರು ಟ್ಯಾಮಿ ಕಿಟ್ಜ್‌ಮಿಲ್ಲರ್ ಎಂಬ ತಾಯಿಯದ್ದು. ವಿಚಾರಣೆ ಹ್ಯಾರಿಸ್‌ಬರ್ಗ್‌ನಲ್ಲಿ 2005ರ ಸೆಪ್ಟೆಂಬರ್ 26ರಿಂದ ನವೆಂಬರ್ 4ರ ತನಕ ನಡೆಯಿತು. ಮುಗಿದ ನಾಲ್ಕನೇ ದಿನಕ್ಕೇ ಮಂಡಳಿಯ ಚುನಾವಣೆ. ತೀರ್ಪು ಇನ್ನೂ ಬಂದಿರಲಿಲ್ಲ. ಮತ್ತೆ ಆರಿಸಿ ಬರಲು ನಿಂತಿದ್ದ ಎಂಟೂ ಸದಸ್ಯರನ್ನು ಊರಿನವರು ಸೋಲಿಸಿದರು. ಡಿಸೆಂಬರ್ 20ರಂದು ನ್ಯಾಯಾಧೀಶ ಜಾನ್ ಜೋನ್ಸ್ 139 ಪುಟಗಳ ತೀರ್ಪು ಕೊಟ್ಟರು: ಇಂಟೆಲಿಜೆಂಟ್ ಡಿಸೈನ್ ವಿಜ್ಞಾನವಲ್ಲ, ಅದನ್ನು ಸರ್ಕಾರಿ ಶಾಲೆಯ ವಿಜ್ಞಾನ ತರಗತಿಗೆ ತರುವುದು ಸಂವಿಧಾನಕ್ಕೆ ವಿರುದ್ಧ.

ಪೋಷಕರ ವಕೀಲರ ಖರ್ಚಿಗೆ ಶಾಲೆ ಸುಮಾರು 10 ಲಕ್ಷ ಡಾಲರ್ ಕೊಡಬೇಕಾಯಿತು. ಅದು ಮಕ್ಕಳ ಓದಿಗೆ ಇದ್ದ ಹಣ.

ಒಂದು ನಿಮಿಷದ ಹೇಳಿಕೆ ಓದಿಬಿಟ್ಟಿದ್ರೆ ಏನಾಗ್ತಿತ್ತು? ಶಿಕ್ಷಕರು ಯಾಕೆ ಹಟ ಹಿಡಿದ್ರು?

ಇಡೀ ಪ್ರಕರಣದಲ್ಲಿ ನನ್ನ ಮನಸ್ಸಿಗೆ ಜಾಸ್ತಿ ಹತ್ತಿರವಾದದ್ದು ಇದೇ. ಡೋವರ್‌ನ ವಿಜ್ಞಾನ ಶಿಕ್ಷಕರು ಆ ಹೇಳಿಕೆ ಓದುವುದಿಲ್ಲ ಎಂದು ಪತ್ರ ಬರೆದು ಕೊಟ್ಟರು. ಅವರು ಡಾರ್ವಿನ್ನನ ಹೆಸರು ಹಿಡಿದು ಹೋರಾಡಲಿಲ್ಲ. ತಮ್ಮ ರಾಜ್ಯದ ಶಿಕ್ಷಕರ ನಡತೆಯ ನಿಯಮವನ್ನು ತೋರಿಸಿದರು. ಪಾಠದ ವಿಷಯವನ್ನು ಶಿಕ್ಷಕರು ಗೊತ್ತಿದ್ದೂ ತಪ್ಪಾಗಿ ಹೇಳಬಾರದು ಎಂದು ಆ ನಿಯಮ. ನಾನು ಇದನ್ನು ಓದಿದರೆ ಇದೂ ಜೀವವಿಕಾಸಕ್ಕೆ ಸಮನಾದ ವಿಜ್ಞಾನ ಎಂದು ಮಕ್ಕಳು ನಂಬುತ್ತಾರೆ, ಅದು ನಿಜವಲ್ಲ. ಅವರ ಮಾತಿನ ತಿರುಳು ಇಷ್ಟೇ.

ಮಕ್ಕಳು ಮೇಷ್ಟ್ರ ಮಾತನ್ನು ನಂಬುತ್ತಾರೆ. ಮನೆಯಲ್ಲಿ ಅಪ್ಪ ಬೇರೆ ಹೇಳಿದರೂ 'ನಮ್ಮ ಮಿಸ್ ಹೀಗೆ ಹೇಳಿದ್ದು' ಎಂದು ಜಗಳ ಆಡುವ ಮಕ್ಕಳು ನಮ್ಮೆಲ್ಲರ ಮನೆಯಲ್ಲೂ ಇದ್ದಾರೆ. ಆ ನಂಬಿಕೆಯ ಬೆಲೆ ಗೊತ್ತಿದ್ದದ್ದಕ್ಕೇ ಆ ಶಿಕ್ಷಕರು ಕೆಲಸದ ಹೆದರಿಕೆ ಬಿಟ್ಟು ನಿಂತರು. ಕೊನೆಗೆ 2005ರ ಜನವರಿಯಲ್ಲಿ ಆಡಳಿತದವರೇ ತರಗತಿಗೆ ಬಂದು ಹೇಳಿಕೆ ಓದಿದರು. ಶಿಕ್ಷಕರು ಹೊರಗೆ ಹೋದರು. ಓದಿದ ಮೇಲೆ ಮಕ್ಕಳು ಪ್ರಶ್ನೆ ಕೇಳುವ ಹಾಗಿರಲಿಲ್ಲ. ವಿಜ್ಞಾನದ ತರಗತಿಯಲ್ಲಿ ಪ್ರಶ್ನೆಗೆ ಬಾಗಿಲು ಹಾಕಿದರು. ಇದನ್ನು ನೆನೆದರೆ ನನಗೆ ಇವತ್ತಿಗೂ ಬೇಸರವಾಗುತ್ತದೆ.

ದೇವರ ಹೆಸರೇ ಹೇಳದ ವಾದವನ್ನು ಧರ್ಮ ಅಂತ ಕೋರ್ಟ್ ಹೇಗೆ ತೀರ್ಮಾನ ಮಾಡ್ತು?

ಮುಖ್ಯವಾಗಿ 'ಪಾಂಡಾಸ್' ಪುಸ್ತಕದ ಹಳೆಯ ಕರಡುಗಳಿಂದ. ಪುಸ್ತಕ ಅಚ್ಚಾದದ್ದು 1989ರಲ್ಲಿ. ಅದಕ್ಕೂ ಮೊದಲಿನ ಕರಡುಗಳನ್ನು ಪೋಷಕರ ವಕೀಲರು ಕೋರ್ಟಿನ ಮೂಲಕ ತರಿಸಿಕೊಂಡರು. ಬಾರ್ಬರಾ ಫಾರೆಸ್ಟ್ ಎಂಬ ತತ್ವಶಾಸ್ತ್ರದ ಪ್ರಾಧ್ಯಾಪಕಿ ಅವನ್ನು ಪಕ್ಕಪಕ್ಕ ಇಟ್ಟು ತೋರಿಸಿದರು. 1987ರ ಸುಪ್ರೀಂ ಕೋರ್ಟ್ ತೀರ್ಪಿಗೆ ಮೊದಲಿನ ಕರಡಿನಲ್ಲಿ 'ಕ್ರಿಯೇಷನ್', ಅಂದರೆ ಸೃಷ್ಟಿ ಎಂದಿದ್ದ ಕಡೆಯೆಲ್ಲ ತೀರ್ಪಾದ ಮೇಲೆ 'ಇಂಟೆಲಿಜೆಂಟ್ ಡಿಸೈನ್' ಬಂದಿತ್ತು. ಸುಮಾರು 150 ಕಡೆ ಹೀಗೆ ಪದ ಬದಲಾಗಿತ್ತು. ವಿವರಣೆ ಬದಲಾಗಿರಲಿಲ್ಲ.

ಒಂದು ಕಡೆ ಬದಲಾಯಿಸುವಾಗ ಕೈ ತಪ್ಪಿದೆ. 'ಕ್ರಿಯೇಷನಿಸ್ಟ್ಸ್' (creationists, ಸೃಷ್ಟಿವಾದಿಗಳು) ಪದವನ್ನು ಅಳಿಸಿ 'ಡಿಸೈನ್ ಪ್ರೊಪೊನೆಂಟ್ಸ್' (design proponents, ಡಿಸೈನ್ ಬೆಂಬಲಿಗರು) ಎಂದು ಸೇರಿಸಲು ಹೋಗಿ, ಹಳೆಯ ಪದದ ತಲೆ ಬಾಲ ಹೊಸ ಪದಕ್ಕೆ ಅಂಟಿಕೊಂಡು 'ಸಿಡಿಸೈನ್ ಪ್ರೊಪೊನೆಂಟ್‌ಸಿಸ್ಟ್ಸ್' (cdesign proponentsists) ಎಂದಾಗಿದೆ. ಎರಡೂ ಒಂದೇ ಎನ್ನಲು ಇದಕ್ಕಿಂತ ಒಳ್ಳೆಯ ಸಾಕ್ಷಿ ಸಿಗುವುದು ಕಷ್ಟ.

ಆ 60 ಪುಸ್ತಕಗಳಿಗೆ ಮಂಡಳಿಯ ಸದಸ್ಯರೊಬ್ಬರು ತಮ್ಮ ಚರ್ಚಿನಲ್ಲಿ ಹಣ ಕೂಡಿಸಿದ್ದೂ, ಪ್ರಮಾಣ ಮಾಡಿ ಹೇಳಿಕೆ ಕೊಡುವಾಗ ಅದನ್ನು ಮುಚ್ಚಿಟ್ಟದ್ದೂ ಹೊರಬಿತ್ತು. ನ್ಯಾಯಾಧೀಶರಿಗೆ ಇದು ತುಂಬಾ ಸಿಟ್ಟು ತರಿಸಿತೆಂದು ತೀರ್ಪು ಓದಿದರೆ ಗೊತ್ತಾಗುತ್ತದೆ.

ಆ ನ್ಯಾಯಾಧೀಶರು ನಾಸ್ತಿಕರೋ, ಎಡಪಂಥದವರೋ ಇರಬೇಕು?

ಅಲ್ಲ. ಜೋನ್ಸ್ ರಿಪಬ್ಲಿಕನ್ ಪಕ್ಷದ ಹಿನ್ನೆಲೆಯವರು, ಚರ್ಚಿಗೆ ಹೋಗುವವರು. 2002ರಲ್ಲಿ ಅವರನ್ನು ನೇಮಿಸಿದ್ದು ಜಾರ್ಜ್ ಡಬ್ಲ್ಯೂ. ಬುಷ್. ಅದೇ ಬುಷ್ 2005ರ ಆಗಸ್ಟಿನಲ್ಲಿ ಎರಡನ್ನೂ ಕಲಿಸಬೇಕು ಎಂದಿದ್ದರು. ತೀರ್ಪಿನ ನಂತರ ಬೆದರಿಕೆ ಬಂದು ಜೋನ್ಸ್ ಕುಟುಂಬಕ್ಕೆ ಕಾವಲು ಹಾಕಬೇಕಾಯಿತು.

## ಸ್ವಲ್ಪ ಆಳಕ್ಕೆ

ಒಂದು ಭಾಗ ತೆಗೆದ್ರೂ ಕೆಲಸ ಮಾಡದ ಯಂತ್ರ ಸ್ವಲ್ಪ ಸ್ವಲ್ಪವೇ ಹೇಗೆ ಬೆಳೆಯುತ್ತೆ?

ಇದು ಮೈಕೆಲ್ ಬೆಹೆ ಅವರ ಪ್ರಶ್ನೆ. ಅವರು ಲೀಹೈ ವಿಶ್ವವಿದ್ಯಾಲಯದ ಜೀವರಸಾಯನ ವಿಜ್ಞಾನಿ, ಡೋವರ್‌ನಲ್ಲಿ ಮಂಡಳಿಯ ಪರ ಸಾಕ್ಷಿ ಹೇಳಿದವರು. ಇಲಿಬೋನಿನ ಉದಾಹರಣೆ ಅವರದು. ಹಲಗೆ, ಸ್ಪ್ರಿಂಗು, ಕೊಕ್ಕೆ, ಇವುಗಳಲ್ಲಿ ಒಂದು ಇಲ್ಲದಿದ್ದರೂ ಇಲಿ ಸಿಗುವುದಿಲ್ಲ. ಬ್ಯಾಕ್ಟೀರಿಯಾ ಈಜಲು ಬಳಸುವ ಬಾಲದಂಥ ಫ್ಲಾಜೆಲ್ಲಮ್ ಕೂಡ ಹಾಗೇ, ಎಲ್ಲ ಒಟ್ಟಿಗೇ ಇರಬೇಕು, ಆದ್ದರಿಂದ ಯಾರೋ ಮಾಡಿದ್ದು ಎನ್ನುತ್ತಾರೆ. ಒಳ್ಳೆಯ ಪ್ರಶ್ನೆ. ಇದನ್ನು ಗೌರವದಿಂದಲೇ ಎದುರಿಸಬೇಕು.

ತಪ್ಪಿರುವುದು ಎಲ್ಲಿ ಅಂದರೆ, ಭಾಗಗಳು ಮೊದಲಿನಿಂದಲೂ ಇದೇ ಕೆಲಸಕ್ಕೆ ಇದ್ದವು ಎಂದುಕೊಳ್ಳುವುದರಲ್ಲಿ. ಫ್ಲಾಜೆಲ್ಲಮ್ಮಿನ ಬುಡದಲ್ಲಿರುವ ಸುಮಾರು ಹತ್ತು ಪ್ರೋಟೀನುಗಳಿಗೆ ತೀರ ಹತ್ತಿರದ ಪ್ರೋಟೀನುಗಳು ಬೇರೆ ಬ್ಯಾಕ್ಟೀರಿಯಾಗಳಲ್ಲಿ ಬೇರೆ ಕೆಲಸ ಮಾಡುತ್ತಿವೆ. ಅವು ಸೂಜಿಯಂತೆ ಚುಚ್ಚಿ ವಿಷ ಸೇರಿಸುತ್ತವೆ. ಉಳಿದ ಭಾಗಗಳಿಲ್ಲದೆಯೂ ಉಪಯೋಗ ಇದೆ. ಪೋಷಕರ ಪರ ಸಾಕ್ಷಿ ಹೇಳಿದ ಜೀವವಿಜ್ಞಾನಿ ಕೆನೆತ್ ಮಿಲ್ಲರ್ ತಮ್ಮ ಉಪನ್ಯಾಸಗಳಲ್ಲಿ ಇಲಿಬೋನಿನ ಎರಡು ಭಾಗ ಕಳಚಿ, ಉಳಿದದ್ದನ್ನು ಟೈಗೆ ಕ್ಲಿಪ್ಪಿನಂತೆ ಸಿಕ್ಕಿಸಿಕೊಂಡು ತೋರಿಸುತ್ತಾರೆ. ಇನ್ನೊಂದು ದಾರಿಯೂ ಇದೆ. ಕಲ್ಲಿನ ಕಮಾನಿನಲ್ಲಿ ಒಂದು ಕಲ್ಲು ಕಿತ್ತರೆ ಎಲ್ಲ ಕುಸಿಯುತ್ತದೆ. ಹಾಗಂತ ಅದನ್ನು ಒಂದೇ ಏಟಿಗೆ ಇಟ್ಟರೇ? ಕೆಳಗೆ ಆಧಾರ ಇತ್ತು, ಕಟ್ಟಿದ ಮೇಲೆ ತೆಗೆದರು. ಜೀವಿಗಳಲ್ಲೂ ಹೀಗೆ ಕಳಚಿ ಹೋದ ಆಧಾರಗಳಿರುತ್ತವೆ.

ಕೋರ್ಟಿನಲ್ಲಿ ಬೆಹೆ ಅವರ ಮುಂದೆ ರೋಗನಿರೋಧಕ ವ್ಯವಸ್ಥೆ ಹೇಗೆ ವಿಕಾಸವಾಯಿತು ಎಂಬುದರ ಬಗ್ಗೆ 58 ಸಂಶೋಧನಾ ಲೇಖನಗಳನ್ನೂ ಒಂಬತ್ತು ಪುಸ್ತಕಗಳನ್ನೂ ರಾಶಿ ಹಾಕಿದರು. ಇವು ಸಾಲದು ಎಂದರು ಅವರು. ವಿಜ್ಞಾನಕ್ಕೆ ಅವರು ಕೊಡುವ ಅರ್ಥದಲ್ಲಿ ಫಲಜ್ಯೋತಿಷ್ಯವೂ ಸೇರುತ್ತದೆ ಎಂದು ಪಾಟೀಸವಾಲಿನಲ್ಲಿ ಒಪ್ಪಿಕೊಂಡರು.

ಎರಡೂ ಕಡೆ ಹೇಳಿ, ಮಕ್ಕಳೇ ತೀರ್ಮಾನ ಮಾಡ್ಲಿ. ಇದರಲ್ಲೇನು ತಪ್ಪು?

ಕೇಳಲು ನ್ಯಾಯವಾಗೇ ಇದೆ. ನಾನೂ ಒಂದು ಕಾಲದಲ್ಲಿ ಹಾಗೇ ಅಂದುಕೊಂಡಿದ್ದೆ. ಆದರೆ ಎರಡು ಕಡೆ ಇರಬೇಕಾದರೆ ಎರಡೂ ಕಡೆ ಕೆಲಸ ನಡೆದಿರಬೇಕು. ಏನು ಸಿಕ್ಕರೆ ನಿಮ್ಮ ಮಾತು ಸುಳ್ಳಾಗುತ್ತದೆ ಎಂದು ಕೇಳಿ. ಜೀವವಿಕಾಸ ಉತ್ತರ ಕೊಡುತ್ತದೆ. ಅತಿ ಹಳೆಯ ಬಂಡೆಯಲ್ಲಿ ಮೊಲದ ಎಲುಬು ಸಿಕ್ಕರೆ ಅದು ಕಷ್ಟಕ್ಕೆ ಬೀಳುತ್ತದೆ. ಮೀನು ನೆಲಕ್ಕೆ ಬಂದ ಕಾಲದ ಬಂಡೆ ಎಲ್ಲಿದೆ ಎಂದು ಲೆಕ್ಕ ಹಾಕಿ ಉತ್ತರ ಕೆನಡಾಕ್ಕೆ ಹೋಗಿ ಹುಡುಕಿದವರಿಗೆ, ಕುತ್ತಿಗೆ ಮತ್ತು ಮಣಿಕಟ್ಟು ಇರುವ ಮೀನು 'ಟಿಕ್ಟಾಲಿಕ್'ನ ಪಳೆಯುಳಿಕೆ 2004ರಲ್ಲಿ ಸಿಕ್ಕಿತು. ಯಾರೋ ಮಾಡಿದರು ಎನ್ನುವ ಮಾತಿನಿಂದ ಹೀಗೆ ಎಲ್ಲಿ ಅಗೆಯಬೇಕು ಎಂದು ಗೊತ್ತಾಗುವುದಿಲ್ಲ.

ಹದಿನಾಲ್ಕು ವರ್ಷದ ಮಗುವಿಗೆ ವಿಜ್ಞಾನಿಗಳ ನಡುವೆ ಇಲ್ಲದ ಜಗಳ ಇದೆ ಎಂದು ಹೇಳಿ ತೀರ್ಮಾನ ಮಾಡು ಎನ್ನುವುದು ಮಗುವಿಗೆ ಮಾಡುವ ಅನ್ಯಾಯ. ಇತಿಹಾಸ, ತತ್ವಶಾಸ್ತ್ರ, ಧರ್ಮಗಳ ಪಾಠದಲ್ಲಿ ಇಂಟೆಲಿಜೆಂಟ್ ಡಿಸೈನ್ ಬಗ್ಗೆ ಧಾರಾಳವಾಗಿ ಮಾತಾಡಲಿ. ಅದನ್ನು ಓದಬಾರದು, ಚರ್ಚಿಸಬಾರದು ಎಂದು ಜೋನ್ಸ್ ಕೂಡ ಹೇಳಲಿಲ್ಲ.

ದೇವರನ್ನು ನಂಬೋರು ಇದನ್ನು ಒಪ್ಪಬಹುದಾ?

ಬೇಕಾದಷ್ಟು ಮಂದಿ ಒಪ್ಪಿದ್ದಾರೆ. ಮೇಲೆ ಹೇಳಿದ ಮಿಲ್ಲರ್ ಶ್ರದ್ಧೆಯ ಕ್ಯಾಥೊಲಿಕ್. ಡೋವರ್‌ನ ಮಕ್ಕಳು ಓದುತ್ತಿದ್ದ ಜೀವವಿಜ್ಞಾನದ ಪಠ್ಯ ಬರೆದ ಇಬ್ಬರಲ್ಲಿ ಒಬ್ಬರು ಅವರೇ. ಜೀವವಿಕಾಸ ಊಹೆಗಿಂತ ಹೆಚ್ಚಿನದು ಎಂದು ಪೋಪ್ ಎರಡನೇ ಜಾನ್ ಪಾಲ್ 1996ರಲ್ಲಿ ಹೇಳಿದರು. ಜಗತ್ತು ಯಾಕಿದೆ ಎನ್ನುವುದು ಒಂದು ಪ್ರಶ್ನೆ, ಜೀವಿಗಳು ಹೇಗೆ ಬದಲಾದವು ಎನ್ನುವುದು ಇನ್ನೊಂದು.

ಡೋವರ್ ತೀರ್ಪಿನಿಂದ ವಿಷಯ ಮುಗೀತು ತಾನೆ?

ಇಲ್ಲ. ಹೊಸ ಮಂಡಳಿ ಮೇಲ್ಮನವಿ ಹಾಕಲಿಲ್ಲ. ಹಾಗಾಗಿ ತೀರ್ಪು ಮೇಲಿನ ಕೋರ್ಟಿಗೆ ಹೋಗಲೇ ಇಲ್ಲ, ಇಡೀ ದೇಶವನ್ನು ಅದು ಕಟ್ಟಿಹಾಕುವುದಿಲ್ಲ. ಆಮೇಲಿನ ಕಾನೂನುಗಳು ಇಂಟೆಲಿಜೆಂಟ್ ಡಿಸೈನ್ ಹೆಸರು ಎತ್ತುವುದಿಲ್ಲ. ಲೂಸಿಯಾನಾ (2008) ಮತ್ತು ಟೆನೆಸಿ (2012) ಕಾನೂನುಗಳು ಜೀವವಿಕಾಸ, ಹವಾಮಾನ ಬದಲಾವಣೆಯಂಥ ವಿಷಯಗಳನ್ನು ವಿಮರ್ಶೆ ಮಾಡಲು ಶಿಕ್ಷಕರಿಗೆ ಅವಕಾಶ ಕೊಡುತ್ತೇವೆ ಎನ್ನುತ್ತವೆ. 2024ರಲ್ಲಿ ವೆಸ್ಟ್ ವರ್ಜೀನಿಯಾ ಮಸೂದೆಯಲ್ಲಿ ಮೊದಲು ಹೆಸರು ನೇರವಾಗೇ ಇತ್ತು, ಪಾಸಾಗುವ ಹೊತ್ತಿಗೆ ತೆಗೆದಿದ್ದರು.

ಇನ್ನೊಂದು ಸಂಗತಿ. ಸರ್ಕಾರದ ಒಂದು ಕ್ರಮ ಧರ್ಮದ ಪರವಾಗಿದೆಯೇ ಎಂದು ನೋಡಲು ಜೋನ್ಸ್ ಬಳಸಿದ ಅಳತೆಗೋಲುಗಳಲ್ಲಿ ಒಂದಾದ 'ಲೆಮನ್' ಪರೀಕ್ಷೆಯನ್ನು ಸುಪ್ರೀಂ ಕೋರ್ಟ್ 2022ರಲ್ಲಿ ಕೈಬಿಟ್ಟಿದೆ. 1987ರ ತೀರ್ಪು ಇನ್ನೂ ನಿಂತಿದೆ. ಮುಂದಿನ ಕೇಸ್ ಯಾವ ದಾರಿ ಹಿಡಿಯುತ್ತದೆಂದು ಕಾದು ನೋಡಬೇಕು.

## ನಮ್ಮವರ ಪ್ರಶ್ನೆಗಳು

ನಮ್ಮ ದಶಾವತಾರದಲ್ಲೇ ಜೀವವಿಕಾಸ ಇದೆಯಲ್ಲ? ಮತ್ಸ್ಯ, ಕೂರ್ಮ, ವರಾಹ, ನರಸಿಂಹ...

ಸುಂದರ ಹೋಲಿಕೆ. ಬಂಗಾಳದ ಕೇಶವಚಂದ್ರ ಸೇನರು 19ನೇ ಶತಮಾನದಲ್ಲೇ ಇದನ್ನು ಹೇಳಿದ್ದರು. ಆದರೆ ಅವತಾರದಲ್ಲಿ ದೇವರು ಒಬ್ಬನೇ, ರೂಪ ಹಲವು. ಮೀನಿನ ಮೊಮ್ಮಕ್ಕಳು ಆಮೆಯಾದರು ಎಂದು ಪುರಾಣ ಹೇಳುವುದಿಲ್ಲ. ಜೀವವಿಕಾಸವೋ ಮೆಟ್ಟಿಲಲ್ಲ, ಆಲದ ಮರದಂತೆ ಕವಲು ಕವಲು. ಪುರಾಣವನ್ನು ವಿಜ್ಞಾನದ ಪ್ರಮಾಣಪತ್ರಕ್ಕಾಗಿ ನಿಲ್ಲಿಸಿದರೆ ಪುರಾಣದ ರುಚಿಯೂ ಹೋಗುತ್ತದೆ. ಆಟದ ಮೇಳದಲ್ಲಿ ನರಸಿಂಹ ಕಂಬ ಒಡೆದು ಬರುವಾಗ ಮೈ ಜುಮ್ಮೆನ್ನುವುದು ಬೇರೆಯೇ ಕಾರಣಕ್ಕೆ.

ಭಾರತದಲ್ಲಿ ಡಾರ್ವಿನ್ ಪಾಠ ತೆಗೆದುಬಿಟ್ರಂತೆ, ಹೌದಾ?

ಭಾಗಶಃ ಹೌದು. ಎನ್‌ಸಿಇಆರ್‌ಟಿಯ ಹತ್ತನೇ ತರಗತಿ ವಿಜ್ಞಾನ ಪುಸ್ತಕದಲ್ಲಿ 'ಅನುವಂಶೀಯತೆ ಮತ್ತು ಜೀವವಿಕಾಸ' ಎಂಬ ಅಧ್ಯಾಯ ಇತ್ತು. ಈಗ ಅನುವಂಶೀಯತೆ ಮಾತ್ರ ಇದೆ. ಕೋವಿಡ್ ನಂತರ ಓದಿನ ಹೊರೆ ಇಳಿಸಲು ಎಂಬುದು ಕೊಟ್ಟ ಕಾರಣ. 2023ರ ಏಪ್ರಿಲ್‌ನಲ್ಲಿ 1,800ಕ್ಕೂ ಹೆಚ್ಚು ವಿಜ್ಞಾನಿಗಳು, ಶಿಕ್ಷಕರು ಅದನ್ನು ವಾಪಸ್ ತನ್ನಿ ಎಂದು ಬಹಿರಂಗ ಪತ್ರ ಬರೆದರು. ಹನ್ನೆರಡನೇ ತರಗತಿಯ ಜೀವವಿಜ್ಞಾನದಲ್ಲಿ ಪಾಠ ಇದ್ದೇ ಇದೆ.

ಇದು ಡೋವರ್‌ನಂಥ ಪ್ರಕರಣ ಅಲ್ಲ. ಇಲ್ಲಿ ಯಾರೂ ಬದಲಿ ಪಾಠ ತಂದಿಲ್ಲ. ಆದರೂ ನನಗೆ ಸಂಕಟ ಆಗುತ್ತದೆ. ಹತ್ತನೇ ತರಗತಿ ಮುಗಿಸಿ ಕಾಮರ್ಸ್, ಆರ್ಟ್ಸ್, ಐಟಿಐ ಕಡೆ ಹೋಗುವ ಮಕ್ಕಳೇ ಜಾಸ್ತಿ. ಅವರಿಗೆ ಈ ಪಾಠ ಇನ್ನು ಯಾವ ತರಗತಿಯಲ್ಲೂ ಎದುರಾಗುವುದಿಲ್ಲ. ವೈಜ್ಞಾನಿಕ ಮನೋಭಾವ ಬೆಳೆಸಿಕೊಳ್ಳುವುದು ಪ್ರತಿ ನಾಗರಿಕನ ಕರ್ತವ್ಯ ಎಂದು ನಮ್ಮ ಸಂವಿಧಾನದ 51ಎ ವಿಧಿ ಹೇಳುತ್ತದೆ. ನಾಗರಿಕ ಅಂದರೆ ಪಿಯುಸಿಯಲ್ಲಿ ಬಯಾಲಜಿ ತಗೊಂಡವರಷ್ಟೇ ಅಲ್ಲವಲ್ಲ.

ನಾವು ಅಮೆರಿಕದಲ್ಲಿದ್ದೇವೆ. ಮಗಳ ಶಾಲೆಯಲ್ಲಿ ಇಂಥದ್ದು ಶುರುವಾದ್ರೆ ಹೊರಗಿನಿಂದ ಬಂದ ನಾವು ಏನು ಮಾಡೋಕಾಗುತ್ತೆ?

ಮಗು ಅಲ್ಲಿ ಓದುತ್ತಿದ್ದರೆ ನೀವು ಹೊರಗಿನವರಲ್ಲ. ಮಂಡಳಿಗೆ ಮತ ಹಾಕಲು ಹೆಚ್ಚಿನ ಕಡೆ ಪೌರತ್ವ ಬೇಕು, ನಿಜ. ಆದರೆ ಮಂಡಳಿಯ ಸಭೆಗಳು ಸಾರ್ವಜನಿಕರಿಗೆ ತೆರೆದಿರುತ್ತವೆ. ಸಾಮಾನ್ಯವಾಗಿ ಪೋಷಕರು ಕೆಲವು ನಿಮಿಷ ಮಾತಾಡಲು ಅವಕಾಶ ಇರುತ್ತದೆ. ಸಭೆಗೆ ಮೊದಲು ವಿಷಯಪಟ್ಟಿ ನೋಡಿ. ಪಠ್ಯಪುಸ್ತಕ ಆರಿಸುವ ತಿಂಗಳು ಯಾವುದು ಎಂದು ತಿಳಿದುಕೊಳ್ಳಿ, ಜಗಳ ಹುಟ್ಟುವುದು ಆಗಲೇ. ಡೋವರ್‌ನಲ್ಲೂ ಶುರುವಾದದ್ದು ಹೊಸ ಪಠ್ಯಪುಸ್ತಕ ಕೊಳ್ಳುವ ಚರ್ಚೆಯಿಂದ.

ಮೊದಲು ಮಗಳ ಜೀವವಿಜ್ಞಾನದ ಶಿಕ್ಷಕರನ್ನು ಭೇಟಿ ಮಾಡಿ. ದೂರು ಹೇಳಲು ಅಲ್ಲ. ಜೀವವಿಕಾಸವನ್ನು ಪೂರ್ತಿ ಕಲಿಸಿ, ನಾವು ನಿಮ್ಮ ಜೊತೆ ಇದ್ದೇವೆ ಎಂದು ಹೇಳಲು. ಪೋಷಕರು ತಕರಾರು ಮಾಡಿಯಾರು ಎಂಬ ಹೆದರಿಕೆಗೆ ಪಾಠವನ್ನು ಅರ್ಧಕ್ಕೆ ಮುಗಿಸುವ ಶಿಕ್ಷಕರು ಇದ್ದಾರೆ. ಅವರಿಗೆ ಇಂಥ ಮಾತು ಹೇಳುವವರು ಕಡಿಮೆ.